ಹಿಮಕ್ಕೆ ಹೊರಟವರನ್ನು ಕೇಳುವ ಕೆಲಸ

ನಾನು ಇಪ್ಪತ್ತಾರು ಚಳಿಗಾಲ ಹಿಮದ ಕೆಲಸ ಮಾಡಿದೆ, ಹೀಥ್ರೋ ವಿಮಾನ ನಿಲ್ದಾಣದ ಪಕ್ಕದ ಹೌನ್ಸ್ಲೋದ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಕುಳಿತು. ಹೌನ್ಸ್ಲೋದಲ್ಲಿ ಹಿಮ ಎಲ್ಲಿಯದು ಎಂದು ನೀವು ಕೇಳಬಹುದು. ಎರಡು ಮೂರು ವರ್ಷಕ್ಕೊಮ್ಮೆ ಒಂದು ಇಂಚು ಬೀಳುತ್ತದೆ. ಆಗ ಬಸ್ಸುಗಳು ನಿಲ್ಲುತ್ತವೆ, ಶಾಲೆಗಳು ಮುಚ್ಚುತ್ತವೆ, ನಮ್ಮ ಬೀದಿಯವರೆಲ್ಲ ಯುದ್ಧ ಬಂತೇನೋ ಎನ್ನುವ ಹಾಗೆ ಹಾಲು, ಬ್ರೆಡ್ಡು ಹೊತ್ತು ತರುತ್ತಾರೆ. ನನ್ನ ಹಿಮ ಇದ್ದದ್ದು ಆಲ್ಪ್ಸ್ ಪರ್ವತಗಳಲ್ಲಿ. ಲಿಫ್ಟು, ಹಗ್ಗ, ಕಾವಲುಗಾರರು ಇರುವ ಸ್ಕೀ ಮೈದಾನಗಳನ್ನು ಬಿಟ್ಟು, ಯಾರೂ ತುಳಿಯದ ಬೆಟ್ಟಗಳನ್ನು ಸ್ಕೀ ಕಟ್ಟಿಕೊಂಡು ತಾವೇ ಹತ್ತಿ ತಾವೇ ಇಳಿಯಬೇಕು ಎನ್ನುವ ಜನ ಇದ್ದಾರೆ. ಅಂಥವರನ್ನು ಗೈಡುಗಳ ಜೊತೆ ಕಳಿಸುವ ಸಣ್ಣ ಕಂಪನಿ ನಮ್ಮದು. ಅಲ್ಲಿ ನಾನು ಡ್ಯೂಟಿ ಡೆಸ್ಕಿನವಳು.

ಡ್ಯೂಟಿ ಡೆಸ್ಕ್ ಎಂದರೆ ಕೇಳುವ ಕೆಲಸ. ಬೆಳಿಗ್ಗೆ ಆಯಾ ಕಣಿವೆಯ ಹಿಮಕುಸಿತದ ಬುಲೆಟಿನ್ ಓದಬೇಕು. ಒಬ್ಬೊಬ್ಬ ಗೈಡಿಗೂ ಫೋನ್ ಮಾಡಿ, ಇವತ್ತು ಯಾವ ಬೆಟ್ಟ, ಯಾವ ದಿಕ್ಕಿನ ಇಳಿಜಾರು, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಕೇಳಿ ಪಟ್ಟಿಯಲ್ಲಿ ಬರೆಯಬೇಕು. ಮಧ್ಯಾಹ್ನ ಅವರು ಇಳಿದು ಬಂದು ಫೋನ್ ಮಾಡಿದರೆ ಹೆಸರಿನ ಮುಂದೆ ಹಸಿರು ಗುರುತು. ಆ ಗುರುತು ಬೀಳುವ ತನಕ ನನಗೆ ಊಟ ಸೇರುತ್ತಿರಲಿಲ್ಲ. ಬಿಪಿ ಮಾತ್ರೆ ಶುರುವಾದದ್ದು ನಲವತ್ತೊಂದನೇ ವಯಸ್ಸಿಗೆ. ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರು, ಕೇಳಿದರು, "ನಿಮ್ಮದು ಆಫೀಸ್ ಕೆಲಸ ಅಲ್ಲವೇ?"

ಈಗ ನನ್ನ ಕುರ್ಚಿಗೆ ಬೆಳಗಾವಿಯ ಒಬ್ಬ ಹುಡುಗಿ ಬಂದಿದ್ದಾಳೆ. ಕೈಪಿಡಿಯನ್ನು ಬಾಯಿಪಾಠ ಮಾಡಿದ್ದಾಳೆ. "ಇಷ್ಟ ಅಲ್ಲೇನ್ರಿ ಕೆಲಸ?" ಎಂದು ಫೋನಿನಲ್ಲಿ ಕೇಳಿದಳು. ಅವಳಿಗೂ, ಅವಳ ಹಾಗೆ ಇಂಥ ಕುರ್ಚಿಗಳಿಗೆ ಬರುವ ಬೇರೆ ಮಕ್ಕಳಿಗೂ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಬರೆಯಲು ನನ್ನಲ್ಲಿ ಏನೂ ಇಲ್ಲ. ಕುರ್ಚಿ ಎರಡು ಸಲ ಬದಲಾಯಿತು, ಅಷ್ಟೇ.

ಮದುವೆಯಾಗಿ ಧಾರವಾಡದಿಂದ ಬಂದಾಗ ನನ್ನ ಹತ್ತಿರ ಇದ್ದದ್ದು ಒಂದು ಬಿ.ಕಾಂ. ಪದವಿ. ಗಂಡ ಹೀಥ್ರೋದಲ್ಲಿ ಸರಕು ವಿಭಾಗದಲ್ಲಿದ್ದರು. ಕಂಪನಿಗೆ ನಾನು ಸೇರಿದ್ದು ವಿಮಾನದ ಟಿಕೆಟ್ ಮಾಡಲು. ಡೆಸ್ಕಿನಲ್ಲಿದ್ದ ಹೆಂಗಸು ಹೆರಿಗೆಗೆ ಹೋದಳು, ನನ್ನನ್ನು ಅಲ್ಲಿ ಕೂರಿಸಿದರು, ಅವಳು ಮರಳಿ ಬರಲಿಲ್ಲ. ನನ್ನ ಮೇಲಿನವರು ಮಿಸ್ಟರ್ ಪಿಯರ್ಸ್. ಯೌವನದಲ್ಲಿ ಗೈಡ್ ಆಗಿದ್ದವರು, ಎಡಗಾಲಿನ ಎರಡು ಬೆರಳು ಚಳಿಗೆ ಕೊಳೆತು ಹೋಗಿದ್ದವು. ಆಫೀಸಿನಲ್ಲಿ ಎಲ್ಲರೂ ಅವರನ್ನು ಟಾಮ್ ಎನ್ನುತ್ತಿದ್ದರು. ತಂದೆಯ ವಯಸ್ಸಿನವರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಹೊರಳಲೇ ಇಲ್ಲ. ಟಾಮ್ ಎನ್ನಿ ಎಂದು ಹದಿನೈದು ವರ್ಷ ಹೇಳಿ ಹೇಳಿ ಸಾಕಾಗಿ ಅವರೇ ನನ್ನನ್ನು ಮಿಸೆಸ್ ಎಂದು ಕರೆಯತೊಡಗಿದರು.

ಮೊದಲ ವಾರದಲ್ಲೇ ನಾನು ಮಾಡಿದ ತಪ್ಪನ್ನು ನಮ್ಮ ಕಡೆಯವರು ಮಾತ್ರ ಮಾಡಲು ಸಾಧ್ಯ. ಹಿಮಕುಸಿತದ ಅಪಾಯವನ್ನು ಒಂದರಿಂದ ಐದರ ತನಕ ಅಂಕೆಯಲ್ಲಿ ಹೇಳುತ್ತಾರೆ. ನಮ್ಮಲ್ಲಿ ಟಿಕೆಟ್ ಮಾತ್ರ ಮಾಡಿಸಿ, ಗೈಡ್ ಇಲ್ಲದೆ ಹೋಗಿದ್ದ ನಾಲ್ಕು ಜನರ ಗುಂಪೊಂದು ಬೆಳಿಗ್ಗೆ ಫೋನ್ ಮಾಡಿ ಇವತ್ತು ಹೇಗಿದೆ ಎಂದಿತು. ನಾನು ನೋಡಿದೆ, ಮೂರು. ಐದಕ್ಕೆ ಮೂರು ಎಂದರೆ ನೂರಕ್ಕೆ ಅರವತ್ತು, ನಮ್ಮಲ್ಲಿ ಫಸ್ಟ್ ಕ್ಲಾಸು. "ಪರವಾಗಿಲ್ಲ, ನಡುವೆ ಇದೆ" ಎಂದುಬಿಟ್ಟೆ. ಹಿಂದಿನಿಂದ ಒಂದು ಕೈ ಬಂದು ರಿಸೀವರ್ ಕಿತ್ತುಕೊಂಡಿತು. ಪಿಯರ್ಸ್ ಆ ಗುಂಪಿನೊಂದಿಗೆ ಹತ್ತು ನಿಮಿಷ ಮಾತಾಡಿ, ಅವರು ಬೇರೆ ದಾರಿ ಹಿಡಿಯುವಂತೆ ಮಾಡಿ, ಫೋನಿಟ್ಟು ನನ್ನ ಕಡೆ ತಿರುಗಿದರು.

"ನಾಲ್ಕು, ಐದು ಇದ್ದ ದಿನ ಜನ ಹೆದರಿ ಒಳಗೆ ಕೂರುತ್ತಾರೆ," ಎಂದರು. "ಒಂದಿದ್ದಾಗ ಹೆಚ್ಚೇನೂ ಆಗುವುದಿಲ್ಲ. ನನ್ನ ಸ್ನೇಹಿತರು ಸತ್ತದ್ದೆಲ್ಲ ಮೂರಿದ್ದ ದಿನ. ಬಿಸಿಲಿರುತ್ತದೆ, ಹೊಸ ಹಿಮ ಇರುತ್ತದೆ, ನಿಮ್ಮಂಥವರು ಪರವಾಗಿಲ್ಲ ಎಂದಿರುತ್ತಾರೆ."

ಆ ನಾಲ್ವರು ಮೊದಲು ಹೋಗಬೇಕೆಂದಿದ್ದ ಇಳಿಜಾರು ಅವತ್ತೇ ಮಧ್ಯಾಹ್ನ ಕುಸಿಯಿತು. ಕೆಳಗೆ ಯಾರೂ ಇರಲಿಲ್ಲ. ನಾನು ಬಾತ್‌ರೂಮಿಗೆ ಹೋಗಿ ಅತ್ತೆ. ನನ್ನ ಹೆದರಿಕೆ ಹುಟ್ಟಿದ್ದು ಅವತ್ತು, ಆಮೇಲೆ ಅದು ನನ್ನನ್ನು ಬಿಟ್ಟು ಹೋಗಲೇ ಇಲ್ಲ.

ಹಿಮ ಏಕೆ ಜಾರುತ್ತದೆ ಎಂಬುದು ಮಾತ್ರ ನನಗೆ ಬಹಳ ದಿನ ತಲೆಗೆ ಹೋಗಲಿಲ್ಲ. ಪಿಯರ್ಸ್ ಚಿತ್ರ ಬರೆದು, ಪದರಗಳಿಗೆ ಬಣ್ಣ ಹಚ್ಚಿ ವಿವರಿಸಿದರು. ನಾನು ಹೂಂ ಹೂಂ ಎಂದೆ. ಒಂದು ಭಾನುವಾರ ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆಗೆ ರವೆ ಸುರಿದುಕೊಂಡು ಹುಳ ಆರಿಸುತ್ತಿದ್ದೆ. ಪಕ್ಕದಲ್ಲಿದ್ದ ಕಡಕ್ ಜೋಳದ ರೊಟ್ಟಿ ಅದರ ಮೇಲೆ ಬಿತ್ತು. ತಟ್ಟೆ ಎತ್ತಿದೆ, ಸ್ವಲ್ಪ ಓರೆಯಾಯಿತು. ಏನೂ ಆಗಲಿಲ್ಲ. ಇನ್ನೊಂದಿಷ್ಟು ಓರೆಯಾದದ್ದೇ ತಡ, ರೊಟ್ಟಿ ಇಡಿಯಾಗಿ ಸರ್ರನೆ ಜಾರಿ ನೆಲಕ್ಕೆ ಹೋಯಿತು, ಅರ್ಧ ರವೆಯನ್ನೂ ಎಳೆದುಕೊಂಡು. ಬೆಟ್ಟದಲ್ಲೂ ಹೀಗೇ. ಕೆಳಗೆ ಹರಳು ಹರಳಾದ, ಒಂದಕ್ಕೊಂದು ಅಂಟದ ಹಳೆಯ ಹಿಮ. ಮೇಲೆ ಗಾಳಿ ತಂದು ಒತ್ತಿದ ಗಟ್ಟಿ ಹಪ್ಪಳದಂಥ ಹೊಸ ಹಿಮ. ಇಳಿಜಾರು ಮೂವತ್ತು ಡಿಗ್ರಿ ದಾಟಿರಬೇಕು. ಮೇಲೊಬ್ಬ ಮನುಷ್ಯ ಹೋಗಿ ನಿಂತರೆ ಸಾಕು. ಸೋಮವಾರ ತಟ್ಟೆ, ರವೆ, ರೊಟ್ಟಿ ಕಟ್ಟಿಕೊಂಡು ಹೋಗಿ ಪಿಯರ್ಸ್‌ಗೆ ಮಾಡಿ ತೋರಿಸಿದೆ. ಅವರು ಮೂರು ಸಲ ಮಾಡಿಸಿದರು, ಆಮೇಲೆ ರೊಟ್ಟಿ ತಿಂದರು. ಅವತ್ತಿನಿಂದ ಹೊಸ ಗಿರಾಕಿಗಳ ತರಬೇತಿಗೆ ನಾನು ವರ್ಷಕ್ಕೆ ಐವತ್ತು ರೊಟ್ಟಿ ಬಡಿದುಕೊಟ್ಟಿದ್ದೇನೆ.

ನಿಜವಾದ ಬೆಟ್ಟದ ಮೇಲೆ ನಿಂತದ್ದು ಒಂದೇ ಸಲ. ಪ್ರತಿಯೊಬ್ಬರೂ ಒಮ್ಮೆ ನೋಡಿ ಬರಬೇಕೆಂದು ಕಂಪನಿಯವರು ಕಳಿಸಿದರು. ನನ್ನನ್ನು ಕರೆದುಕೊಂಡು ಹೋದವನು ಲುಕಾ, ನಮ್ಮ ಗೈಡುಗಳಲ್ಲೆಲ್ಲ ಹಳಬ. ಗಿಡ್ಡ ಆಳು, ಮಾತು ಕಡಿಮೆ. ಕಾಲಿಗೆ ಬುಟ್ಟಿಯಂಥ ಹಿಮಪಾದುಕೆ ಕಟ್ಟಿ, ನನ್ನನ್ನು ಸಪಾಟು ಜಾಗದಲ್ಲಿ ನಡೆಸಿದ. ಸಲಿಕೆಯಲ್ಲಿ ಸೊಂಟದಾಳದ ಗುಂಡಿ ತೋಡಿ, ಕೆಳಗಿನ ಪದರಕ್ಕೆ ಕೈ ಹಾಕು ಎಂದ. ಸಕ್ಕರೆ ಹರಳಿನ ಹಾಗೆ ಬೆರಳಿನ ಸಂದಿಯಿಂದ ಸುರಿದುಹೋಯಿತು, ಮುಷ್ಟಿ ಕಟ್ಟಿದರೂ ಉಂಡೆಯಾಗಲಿಲ್ಲ. ವಾಪಸ್ಸು ಬರುವಾಗ ನನ್ನ ಕಾಲ ಕೆಳಗೆ, ಗೋದಾಮಿನಲ್ಲಿ ದೊಡ್ಡ ಮೂಟೆ ಒಗೆದ ಹಾಗೆ "ವುಂಫ್" ಎಂದು ಸದ್ದಾಯಿತು. ನೆಲವೇ ಒಂದು ಬೆರಳು ಕುಸಿದಂತಾಯಿತು. ಲುಕಾ ತಕ್ಷಣ ನಿಂತ. ಒಳಗಿನ ಪದರ ಮುರಿಯಿತು, ಇಲ್ಲಿ ಸಪಾಟಾಗಿರುವುದರಿಂದ ಉಳಿದೆವು, ಇದೇ ಸದ್ದು ಇಳಿಜಾರಿನಲ್ಲಿ ಕೇಳಿದರೆ ತಿರುಗಿ ಹೋಗಬೇಕು ಎಂದ. ಮೂರು ದಿನದ ಪ್ರವಾಸ ಒಂದೇ ದಿನಕ್ಕೆ ಮುಗಿಸಿ ನಾನು ಮನೆಗೆ ಬಂದೆ.

ಕೆಲಸದ ರೀತಿ ಬದಲಾದದ್ದನ್ನೂ ಹೇಳಬೇಕು. ಮೊದಲು ಬುಲೆಟಿನ್ ಫ್ಯಾಕ್ಸಿನಲ್ಲಿ ಬರುತ್ತಿತ್ತು, ಫ್ರೆಂಚು, ಜರ್ಮನ್, ಇಟಾಲಿಯನ್ನಿನಲ್ಲಿ. ಮೂರೂ ಭಾಷೆಯಲ್ಲಿ ಹಿಮ ಕುಸಿಯುವುದನ್ನು ಓದಬಲ್ಲೆ, ಮೂರರಲ್ಲೂ ಒಂದು ಲೋಟ ಚಹಾ ಕೇಳಲಾರೆ. ಆಮೇಲೆ ವೆಬ್‌ಸೈಟು ಬಂತು, ನಕ್ಷೆ ಬಂತು, ಕೊನೆಗೆ ಆ್ಯಪ್ ಬಂತು. ಪ್ರತಿ ಗುಂಪಿಗೂ ಒಂದು ಟ್ರ್ಯಾಕರ್, ಪರದೆಯ ಮೇಲೆ ಒಂದು ಚುಕ್ಕಿ. ಹೊಸ ಮಕ್ಕಳು ಚುಕ್ಕಿ ಚಲಿಸುತ್ತಿದೆ, ಎಲ್ಲ ಸರಿಯಾಗಿದೆ ಎಂದು ಕಾಫಿಗೆ ಹೋಗುತ್ತಿದ್ದರು. ಕುಸಿಯುವ ಹಿಮದ ಜೊತೆಗೂ ಚುಕ್ಕಿ ಚಲಿಸುತ್ತದೆ ಎಂದು ನಾನು ಹೇಳಿದ ದಿನ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಆದರೂ ಹೇಳುತ್ತೇನೆ, ಚುಕ್ಕಿಯನ್ನು ನೋಡಿ, ಮನುಷ್ಯನಿಗೆ ಫೋನೂ ಮಾಡಿ.

ಈಗ ವಿನಾಯಕನ ವಿಷಯ. ಇದನ್ನು ಬರೆಯಲೆಂದೇ ಇಷ್ಟೆಲ್ಲ ಬರೆದೆ ಎಂದರೂ ತಪ್ಪಲ್ಲ.

ವಿನಾಯಕ ವಿಜಯಪುರದವನು. ಹೌನ್ಸ್ಲೋದಲ್ಲೇ ಕಂಪ್ಯೂಟರ್ ಕೆಲಸ, ನಮ್ಮ ಮನೆಯಿಂದ ಎರಡು ಬಸ್ ಸ್ಟಾಪು. ಹೆಂಡತಿ ರೇಖಾ ಉಡುಪಿಯವಳು. ಅವನಿಗೆ ಹಿಮದ ಹುಚ್ಚು ಹಿಡಿಸಿದವಳು ನಾನೇ. ಮೂರು ವರ್ಷದ ಹಿಂದೆ ಲುಕಾನ ಹೊಸಬರ ಗುಂಪಿನಲ್ಲಿ ಒಂದು ಜಾಗ ಖಾಲಿ ಉಳಿದಿತ್ತು, ಹೋಗಿ ಬಾ ಎಂದೆ. ಬಿಸಿಲೂರಿನ ಹುಡುಗ, ಹುಚ್ಚು ನೆತ್ತಿಗೇರಿತು. ಎರಡು ಚಳಿಗಾಲ ನಮ್ಮ ಗುಂಪಿನಲ್ಲೇ ಹೋದ. ಮೂರನೆಯ ಚಳಿಗಾಲ, ಇನ್ನು ಗೈಡ್ ಬೇಡ ಎಂದು, ಆಫೀಸಿನ ಗೆಳೆಯ ಮಾರ್ಟಿನ್ ಜೊತೆ ತಾವಿಬ್ಬರೇ ಹೊರಟ. ಅಂದರೆ ಅವನು ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಹೊರಟದ್ದು ಫೆಬ್ರವರಿಯ ಒಂದು ಭಾನುವಾರ, ನಮ್ಮ ಮನೆಯಿಂದಲೇ. ವಿಮಾನ ನಿಲ್ದಾಣಕ್ಕೆ ಹತ್ತಿರ ಎಂದು ಗಂಡ ಹೆಂಡತಿ ಮಧ್ಯಾಹ್ನದ ಊಟಕ್ಕೆ ಬಂದಿದ್ದರು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ, ರೇಖಾ ಬೇಯಿಸುತ್ತಿದ್ದಳು. ನಮ್ಮ ಅತ್ತೆ ಊಟದ ಮೇಜಿನಲ್ಲಿ ವಿನಾಯಕನ ಪಕ್ಕ ಕುಳಿತು ಬಡಿಸುತ್ತಿದ್ದರು. ಅವರಿಗೆ ಎಂಬತ್ತಾರು. ಮಾವ ತೀರಿಕೊಂಡ ಮೇಲೆ ಧಾರವಾಡದಿಂದ ಬಂದು ನಮ್ಮ ಜೊತೆಗೇ ಇದ್ದಾರೆ. ಕಣ್ಣು ಮಂಜು, ಕಿವಿ ಚುರುಕು.

ಊಟ ಮುಗಿಯಿತು. ವಿನಾಯಕ ಬೂಟು ಹಾಕಿಕೊಂಡು, ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತ. "ಬರ್ತೇನ್ರಿ ಅಕ್ಕಾರ" ಎಂದ. ನಾನು ಯಾವ ಕಣಿವೆ ಎಂದು ಕೇಳಲು ಬಾಯಿ ತೆರೆದೆ. ಹಿಂದಿನಿಂದ ಅತ್ತೆ ನನ್ನ ಸೆರಗು ಎಳೆದರು.

"ಹೊಸ್ತಲದಾಗ ನಿಂತಾನ. ಹೊಂಟವರಿಗೆ ಎಲ್ಲಿಗಿ ಅಂತ ಕೇಳ್ತಾರೇನ ಯಾರರ?"

ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ತಾಯಿಯ ಮನೆಯಲ್ಲಿ ಹಾಲಿನ ಜೊತೆ ಕುಡಿದದ್ದು. ಡೆಸ್ಕಿನಲ್ಲಿ ಕುಳಿತಾಗ ದಿನಕ್ಕೆ ಇಪ್ಪತ್ತು ಸಲ ಅದನ್ನೇ ಕೇಳುತ್ತಿದ್ದೆ, ಸಂಬಳ ಬರುತ್ತಿದ್ದದ್ದೂ ಅದಕ್ಕೇ. ಮನೆಯ ಹೊಸ್ತಿಲಲ್ಲಿ ಮಾತ್ರ ನಾನು ಧಾರವಾಡದವಳು. ಬಾಯಿ ಮುಚ್ಚಿಕೊಂಡೆ. "ಹುಷಾರು" ಎಂದೆ, ಅಷ್ಟೇ. ಅವನು ನಗುತ್ತ ಹೋದ.

ಸೋಮವಾರ ಬೆಳಿಗ್ಗೆ ಬುಲೆಟಿನ್ ತೆರೆದೆ. ಮೂರು. ಎರಡು ಸಾವಿರದ ಇನ್ನೂರು ಮೀಟರಿನ ಮೇಲೆ, ಉತ್ತರಕ್ಕೆ ಮುಖ ಮಾಡಿದ ಇಳಿಜಾರುಗಳಲ್ಲಿ ಹಳೆಯ ಸಡಿಲ ಪದರ, ಅದರ ಮೇಲೆ ಗಾಳಿ ತಂದ ಹೊಸ ಹಿಮ. ಒಬ್ಬನೇ ಮನುಷ್ಯನ ಭಾರಕ್ಕೆ ಮುರಿಯಬಹುದು. ನಮ್ಮ ಗೈಡುಗಳಿಗೆಲ್ಲ ಫೋನ್ ಮಾಡಿ ಉತ್ತರದ ಕಡೆ ಹೋಗಬೇಡಿ ಎಂದೆ. ವಿನಾಯಕನಿಗೂ ಒಂದು ಮೆಸೇಜ್ ಹಾಕಲೆಂದು ಮೊಬೈಲು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟೆ. ಹೋದವರನ್ನು ಹಿಂದಿನಿಂದ ಕರೆಯಬಾರದು ಎಂಬುದೂ ಒಂದಿದೆಯಲ್ಲ. ಅದರ ಮೇಲೆ, ಅವನು ನನ್ನ ಪಟ್ಟಿಯವನಲ್ಲ, ಮೂರು ವರ್ಷದಿಂದ ಹೋಗುತ್ತಿರುವವನು, ಬುಲೆಟಿನ್ ತಾನೇ ಓದುತ್ತಾನೆ, ಏನು ಈ ಮುದುಕಿಯ ಕಾಟ ಎಂದುಕೊಂಡಾನು. ಇವೆಲ್ಲ ಆಗ ನನಗೆ ಸರಿಯಾದ ಕಾರಣಗಳಾಗಿ ಕಂಡವು.

ಮಂಗಳವಾರ ಮಧ್ಯಾಹ್ನ ಎರಡೂವರೆಗೆ ರೇಖಾ ಡೆಸ್ಕಿಗೇ ಫೋನ್ ಮಾಡಿದಳು.

"ಅಕ್ಕಾ, ಅವ್ರು ದಿನಾ ಹನ್ನೆರಡು ಗಂಟೆಗೆ ಸಿಗ್ನಲ್ ಇರೋ ಕಡೆ ಬಂದು ಮೆಸೇಜ್ ಹಾಕ್ತೀನಿ ಅಂದಿದ್ರು. ನಿನ್ನೆ ಆರಾಮಾಗಿದ್ದೀನಿ ಅಂತಷ್ಟೇ ಹಾಕಿದ್ರು. ಇವತ್ತಿಲ್ಲ. ನಾನು ಮೀಟಿಂಗಲ್ಲಿದ್ದೆ, ಈಗ ನೋಡ್ಕೊಂಡೆ. ಫೋನ್ ಹೋಗ್ತಾನೇ ಇಲ್ಲ."

"ಎಲ್ಲಿಗೆ ಹೋಗ್ಯಾರ ಅವರು?"

ನಾನು ಹಾಳೆ ಎಳೆದುಕೊಂಡು ಪೆನ್ನು ಹಿಡಿದೆ.

"ರೇಖಾ, ಯಾವ ಊರು? ಯಾವ ಕಣಿವೆ?"

"ನಾನು ಕೇಳ್ಲಿಲ್ಲ ಅಕ್ಕಾ. ಹೊರಡೋವಾಗ ಕೇಳ್ಬಾರ್ದಲ್ಲ ಅಂತ. ಹೋಗಿ ತಲುಪಿದ ಮೇಲೆ ಅವ್ರೇ ಹೇಳ್ತಾರೆ ಅಂತ ಬಿಟ್ಟೆ."

ಆಲ್ಪ್ಸಿನಲ್ಲಿ ಸಾವಿರ ಕಣಿವೆಗಳಿವೆ. ಬ್ಯಾಟರಿ ಉಳಿಯಲಿ ಎಂದು ಅವನು ಮೊಬೈಲಿನ ಲೊಕೇಶನ್ ಆಫ್ ಮಾಡಿದ್ದ, ಕೊನೆಗೆ ಕಂಡದ್ದು ವಿಮಾನ ಇಳಿದ ಊರು. ಮಾರ್ಟಿನ್‌ನ ಮನೆಯವರ ನಂಬರು ಅವಳ ಬಳಿ ಇರಲಿಲ್ಲ. ಪಿಯರ್ಸ್ ಆಗ ಎಪ್ಪತ್ತು ದಾಟಿ ವಾರಕ್ಕೆ ಎರಡು ದಿನ ಮಾತ್ರ ಬರುತ್ತಿದ್ದರು, ಪುಣ್ಯಕ್ಕೆ ಅವತ್ತು ಇದ್ದರು. ಎದುರಿನ ಮೇಜಿನಿಂದ ಎದ್ದು ಬಂದು ನನ್ನ ಮುಖ ನೋಡಿದರು.

"ಅಲ್ಲಿ ಈಗ ಮೂರೂವರೆ. ಇನ್ನೆರಡು ಗಂಟೆಯಲ್ಲಿ ಕತ್ತಲಾಗುತ್ತದೆ," ಎಂದರು. "ಹೆಲಿಕಾಪ್ಟರಿನವರು ನನ್ನ ಮಾತು ಕೇಳುತ್ತಾರೆ. ಆದರೆ ಎಲ್ಲಿಗೆ ಹೋಗಿ ಎನ್ನಲಿ, ಮಿಸೆಸ್?"

ನನಗೆ ಗೊತ್ತಿದ್ದ ಎಲ್ಲ ಹಳ್ಳಿಗಳ, ಬೆಟ್ಟದಲ್ಲಿ ರಾತ್ರಿ ತಂಗುವ ಎಲ್ಲ ಹಟ್ಟುಗಳ ಹೆಸರು ತಲೆಯಲ್ಲಿ ಗಿರಗಿರ ತಿರುಗಿದವು. ಎರಡು ಹಟ್ಟುಗಳಿಗೆ ಫೋನ್ ಮಾಡಿದೆ, ಅಂಥವರು ಬಂದಿಲ್ಲ ಎಂದರು. ಮೂರನೆಯದು ಎತ್ತಲಿಲ್ಲ. ಊಟಕ್ಕೆ ಕುಳಿತಾಗ ವಿನಾಯಕ ಏನಾದರೂ ಹೇಳಿರಬಹುದೇ ಎಂದು ಮುಳುಗುವವಳು ಹುಲ್ಲುಕಡ್ಡಿ ಹಿಡಿದ ಹಾಗೆ ಮನೆಗೆ ಫೋನ್ ಮಾಡಿದೆ. ಅತ್ತೆ ಎತ್ತಿದರು.

"ಅತ್ತೀ, ವಿನಾಯಕ ಮೊನ್ನೆ ಎಲ್ಲಿಗಿ ಹೊಂಟೇನಿ ಅಂತ ಏನರ ಅಂದ್ನೇನ್ರಿ?"

"ಅನ್ನೂದೇನು? ಎಲ್ಲಾ ಕೇಳೇನಿ ನಾ."

"ನೀವ? ಕೇಳಬಾರದಂದ್ರೆಲ್ಲರಿ?"

"ಹೊಸ್ತಲದಾಗ ಕೇಳಬಾರದು. ತಾಟಿನ ಮುಂದ ಕುಂತಾಗ ಕೇಳಬೇಕು. ನಿನಗ ಇಷ್ಟೂ ತಿಳೀದಿಲ್ಲೇನ? ಯಾಕ, ಏನಾತು?"

"ಆಮ್ಯಾಲ ಹೇಳ್ತೇನಿ. ಅಂವ ಏನಂದ ಅದನ್ನ ಹೇಳ್ರಿ, ಒಂದೂ ಬಿಡಬ್ಯಾಡ್ರಿ."

ಅತ್ತೆ ಶುರುಮಾಡಿದರು. ಒಂದೇ ಒಂದು ಊರಿನ ಹೆಸರು ಅವರ ಬಾಯಲ್ಲಿ ಬರಲಿಲ್ಲ, ಆ ಹೆಸರುಗಳೆಲ್ಲ ಅವರ ನಾಲಿಗೆಗೆ ಹತ್ತುವಂಥವಲ್ಲ. ಆದರೆ ದಾರಿ ಪೂರಾ ಇತ್ತು.

"ವಿಮಾನ ಇಳದು ಮೂರು ತಾಸು ರೈಲಂತ. ಆಮ್ಯಾಲ ಹಳದಿ ಬಸ್ಸು, ಅದರ ಕಡೀ ಸ್ಟಾಪಿನ್ಯಾಗ ಇಳೀಬೇಕು. ಅಲ್ಲಿಂದ ಎರಡು ತಾಸು ಏರಿದ್ರ ಡ್ಯಾಮು. ಡ್ಯಾಮಿನ ಹಿಂದ ದೊಡ್ಡ ಕೆರಿ, ಹೆಪ್ಪುಗಟ್ಟೇತಂತ, ಅದರ ದಂಡೀಲೆ ಹೋಗೂದು. ತುದಿಗೆ ಒಂದು ಕಲ್ಲಿನ ಮನಿ, ಕೆಂಪು ಬಾಗಲ. ಯಾರೂ ಇರೂದಿಲ್ಲಂತ, ಕೀಲಿನೂ ಹಾಕೂದಿಲ್ಲಂತ, ತಾವ ಒಲಿ ಹಚ್ಚಿ ಅಡಗಿ ಮಾಡ್ಕೋಬೇಕಂತ. ಏನು ಮಾಡ್ಕೋತಿ ಅಂದೆ, ಉಪ್ಪಿಟ್ಟಂದ. ಮಂಗಳವಾರ ಆ ಮನಿ ಹಿಂದಿನ ಗುಡ್ಡ ಏರಿ, ಆ ಕಡೆ ನೆರಳಿನ ಮಗ್ಗಲಿಲೆ ಇಳೀತಾರಂತ. ಬಿಸಲಿರೂ ಕಡೆ ಬಿಟ್ಟು ನೆರಳಿನ್ಯಾಗ ಯಾಕೋ ಅಂದೆ. ಬಿಸಲಿಗೆ ಹಿಮ ಕೆಡತೈತ್ರಿ ಅಜ್ಜಿ, ನೆರಳಿನ್ಯಾಗ ಹಿಟ್ಟಿನಂಗಿರತೈತಿ ಅಂದ."

ನೆರಳಿನ ಮಗ್ಗಲು ಎಂದರೆ ಉತ್ತರದ ಇಳಿಜಾರು. ಡ್ಯಾಮಿನ ಹಿಂದೆ ಹಟ್ ಇರುವ ಕಣಿವೆಗಳು ನನಗೆ ಮೂರು ಗೊತ್ತಿದ್ದವು. ಕೆಂಪು ಬಾಗಿಲಿನ, ಕಾವಲಿಲ್ಲದ, ಒಲೆ ಇರುವ ಕಲ್ಲಿನ ಹಟ್ಟು ಒಂದೇ, ಅಲ್ಲಿ ಲುಕಾ ಎಷ್ಟೋ ಸಲ ಗುಂಪು ಮಲಗಿಸಿದ್ದ. ನಕ್ಷೆಯಲ್ಲಿ ಅದರ ಹಿಂದಿನ ಬೆಟ್ಟದ ಉತ್ತರದ ಮಗ್ಗಲಿಗೆ ಬೆರಳಿಟ್ಟು ಪಿಯರ್ಸ್‌ಗೆ ತೋರಿಸಿದೆ. ಅವರು ಏನೂ ಕೇಳದೆ ಫೋನೆತ್ತಿದರು.

ಮುಂದಿನ ಒಂದು ಗಂಟೆ ನಾನು ಏನು ಮಾಡಿದೆನೋ ನೆನಪಿಲ್ಲ. ರೇಖಾ ಹತ್ತು ಸಲ ಫೋನ್ ಮಾಡಿದಳು, ಹತ್ತು ಸಲವೂ ಹುಡುಕುತ್ತಿದ್ದಾರೆ ಎಂದೆ. ನಾಲ್ಕಕ್ಕೆ ಸ್ವಲ್ಪ ಮೊದಲು ಹೆಲಿಕಾಪ್ಟರಿನವರು ಪಿಯರ್ಸ್‌ಗೆ ಫೋನ್ ಮಾಡಿದರು. ಇಳಿಜಾರಿನ ನಡುವೆ ಹೊಸ ಕುಸಿತ. ಅದರ ಅಂಚಿನಲ್ಲಿ ಇಬ್ಬರು. ಒಬ್ಬ ಬದುಕಿದ್ದಾನೆ.

ಯಾರು ಎಂದು ಆಗ ಹೇಳಲಿಲ್ಲ. ಹೆಸರು ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಆ ಇಪ್ಪತ್ತು ನಿಮಿಷ ನಾನು ದೇವರಲ್ಲಿ ಏನು ಬೇಡಿಕೊಂಡೆ ಎಂಬುದನ್ನು ಬರೆಯಲಾರೆ. ಒಬ್ಬನನ್ನು ಕೇಳಿಕೊಂಡರೆ ಇನ್ನೊಬ್ಬನನ್ನು ಬಿಟ್ಟುಕೊಟ್ಟ ಹಾಗೆ ಎಂದು ಗೊತ್ತಿದ್ದೂ ಕೇಳಿಕೊಂಡೆ.

ಬದುಕಿದವನು ವಿನಾಯಕ. ಹಿಮ ಇಬ್ಬರನ್ನೂ ಎಳೆದೊಯ್ದು ಅವನನ್ನು ಮೇಲೆಯೇ ಬಿಟ್ಟಿತ್ತು, ಎಡಗಾಲು ಎರಡು ಕಡೆ ಮುರಿದಿತ್ತು, ಮೊಬೈಲು ಎಲ್ಲೋ ಹೋಗಿತ್ತು. ಮಾರ್ಟಿನ್ ಪೂರ್ತಿ ಒಳಗೆ. ಹಿಮದಡಿ ಹೂತವರ ಜಾಗ ತೋರಿಸುವ, ಎದೆಗೆ ಕಟ್ಟಿಕೊಂಡ ಬೀಪರ್ ಹಿಡಿದು, ಮುರಿದ ಕಾಲನ್ನು ಎಳೆದುಕೊಂಡು ಇವನು ಗೆಳೆಯನನ್ನು ಹುಡುಕಿದ. ಹಿಮದಡಿ ಸಿಕ್ಕವರಿಗೆ ಇರುವುದು ಹತ್ತು ಹದಿನೈದು ನಿಮಿಷ. ಇವನಿಗೆ ಅಗೆದು ತಲುಪಲು ಮುಕ್ಕಾಲು ಗಂಟೆಯಾಯಿತು. ಆಮೇಲೆ ಮಾರ್ಟಿನ್‌ನ ಪಕ್ಕದಲ್ಲೇ ಮಲಗಿದ್ದ. ಆ ಚಳಿಯಲ್ಲಿ ಬೆಳಗಿನ ತನಕ ಉಳಿಯುತ್ತಿರಲಿಲ್ಲ ಎಂದು ಆಸ್ಪತ್ರೆಯವರು ರೇಖಾಳಿಗೆ ಹೇಳಿದರು.

ಎಲ್ಲರೂ ನನ್ನನ್ನು ಹೊಗಳಿದರು. ಪಿಯರ್ಸ್ ನನ್ನ ಅತ್ತೆಗೆ ಹೂವು ಕಳಿಸಿದರು, ಜೊತೆಗೆ ಒಂದು ಚೀಟಿ, ನಿಮ್ಮಂಥವರು ನಮ್ಮ ಡೆಸ್ಕಿನಲ್ಲಿ ಇರಬೇಕಿತ್ತು ಎಂದು. ನನಗೆ ಮಾತ್ರ ನಿದ್ದೆ ಹತ್ತುತ್ತಿರಲಿಲ್ಲ. ಭಾನುವಾರ ಹೊಸ್ತಿಲಲ್ಲಿ ಕೇಳಿದ್ದರೆ ಯಾವ ಮಗ್ಗಲು ಎಂದು ತಿಳಿಯುತ್ತಿತ್ತು. ಸೋಮವಾರ ಬುಲೆಟಿನ್ ನೋಡಿದ ಕೂಡಲೇ ಬೇಡ ಎನ್ನುತ್ತಿದ್ದೆ. ಮಾರ್ಟಿನ್ ಇರುತ್ತಿದ್ದ. ದೊಡ್ಡವರ ಪದ್ಧತಿಯಲ್ಲಿ ಬಾಯಿ ಮುಚ್ಚುವ ಅರ್ಧವನ್ನು ಮಾತ್ರ ನಾನು ಉಳಿಸಿಕೊಂಡಿದ್ದೆ, ತಾಟಿನ ಮುಂದೆ ಕೂರಿಸಿ ಕೇಳುವ ಅರ್ಧವನ್ನು ಮರೆತಿದ್ದೆ. ಕುರ್ಚಿಗೆ ಹೊಸದಾಗಿ ಬರುವ ಮಕ್ಕಳೇ, ಈ ಒಂದು ಮಾತನ್ನು ಕೈಪಿಡಿಯಲ್ಲಿ ಬರೆದುಕೊಳ್ಳಿ. ಮುಂಚೆಯೇ ಕೇಳಿ, ನಿಧಾನವಾಗಿ ಕೇಳಿ, ಜಾಗದ ಹೆಸರು ಕೇಳಿ ಅಷ್ಟಕ್ಕೇ ಬಿಡಬೇಡಿ, ದಾರಿ ಕೇಳಿ, ಬಾಗಿಲಿನ ಬಣ್ಣ ಕೇಳಿ, ಏನು ತಿನ್ನುತ್ತೀರಿ ಎಂದೂ ಕೇಳಿ.

ಆ ಚಳಿಗಾಲ ಮುಗಿದ ಮೇಲೆ ನಾನು ಕೆಲಸ ಬಿಟ್ಟೆ. ಜೂನಿನಲ್ಲಿ ಒಂದು ದಿನ ವಿನಾಯಕ ಊರುಗೋಲು ಹಿಡಿದು ಒಬ್ಬನೇ ಮನೆಗೆ ಬಂದ. ಅತ್ತೆ ಒಳಗೆ ಮಲಗಿದ್ದರು. ಚಹಾ ಕೊಟ್ಟೆ. ನನಗೆ ತಡೆಯಲಾಗಲಿಲ್ಲ.

"ತಪ್ಪು ನಂದಪಾ," ಎಂದೆ. "ಅವತ್ತ ಬಾಗಲದಾಗ ಕೇಳಬೇಕಂತ ಬಾಯಿ ತಗದಿದ್ದೆ. ಕೇಳಲಿಲ್ಲ."

ಅವನು ಕಪ್ಪು ಮೇಜಿನ ಮೇಲಿಟ್ಟ.

"ನೀವು ಬಾಯಿ ತಗದದ್ದು ನೋಡಿದ್ದೆ ಅಕ್ಕಾರ. ಕೇಳಿಬಿಡ್ತೀರಿ ಅಂತ ನನ್ನ ಎದಿ ಹೊಡಕೊಳ್ಳಾಕತ್ತಿತ್ತು."

"ಯಾಕ?"

"ಖರೆ ಹೇಳಿದ್ರ ನೀವು ಬಿಡತಿರಲಿಲ್ಲ. ಅದಕ್ಕ ಒಂದು ಸುಳ್ಳು ತಯಾರು ಮಾಡ್ಕೊಂಡ ಬಂದಿದ್ದೆ." ಅವನು ಒಂದು ಕಣಿವೆ ಹೇಳಿದ. ದಕ್ಷಿಣಕ್ಕೆ ಮುಖ ಮಾಡಿದ, ಮೆತ್ತಗಿನ ಇಳಿಜಾರುಗಳ, ಹೊಸಬರು ಹೋಗುವ ಜಾಗ. ಅವನು ಹೋದ ಬೆಟ್ಟದಿಂದ ನೂರಾರು ಮೈಲಿ ಆಚೆ. "ಅಲ್ಲಿ ಅಪಾಯ ಎಷ್ಟೈತಿ ಅಂತನೂ ನೋಡಿ ಇಟ್ಕೊಂಡಿದ್ದೆ. ಎರಡು ಇತ್ತು. ನೀವು ನೋಡಿದ್ರೂ ಹೂಂ ಅಂತಿದ್ರಿ."

"ಮತ್ತ ಅತ್ತಿಯವರಿಗೆ ಖರೆ ಯಾಕ ಹೇಳಿದಿ?"

"ಅವರಿಗೆ ಸುಳ್ಳು ಹೇಳಬೇಕಂತ ಹೊಳೀಲಿಲ್ಲರಿ. ಬಡಸ್ಕೋತ ಕೇಳಿದ್ರು, ಉಣ್ಕೋತ ಹೇಳಿದೆ."

ಮೊದಲು ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ನಾನು ಕೇಳಿದ್ದರೂ ಮಾರ್ಟಿನ್ ಉಳಿಯುತ್ತಿರಲಿಲ್ಲ. ಹಗುರಾದದ್ದಕ್ಕೆ ನಾಚಿಕೆಯೂ ಆಯಿತು. ಅವನು ಹೋದ ಮೇಲೆ ಕಪ್ಪು ತೊಳೆಯುತ್ತ ನಿಂತಿದ್ದಾಗ ಉಳಿದದ್ದು ಹೊಳೆಯಿತು. ನಾನು ಕೇಳಿದ್ದರೆ ಅವನು ಆ ಸುಳ್ಳು ಹೇಳುತ್ತಿದ್ದ. ನಾನು ನೆಮ್ಮದಿಯಿಂದ ಅದನ್ನು ಮನಸ್ಸಿನಲ್ಲಿ ಬರೆದುಕೊಳ್ಳುತ್ತಿದ್ದೆ. ಮಂಗಳವಾರ ರೇಖಾ ಫೋನ್ ಮಾಡಿದ ಕೂಡಲೇ ಆ ಕಣಿವೆಯ ಹೆಸರನ್ನೇ ಪಿಯರ್ಸ್‌ಗೆ ಕೊಡುತ್ತಿದ್ದೆ, ಮನೆಗೆ ಫೋನ್ ಮಾಡಿ ಯಾರನ್ನೂ ಕೇಳುತ್ತಿರಲಿಲ್ಲ. ಹೆಲಿಕಾಪ್ಟರು ಕತ್ತಲಾಗುವ ತನಕ ಆ ಖಾಲಿ ಬೆಟ್ಟಗಳ ಮೇಲೆ ಸುತ್ತುತ್ತಿತ್ತು. ವಿನಾಯಕ ಇತ್ತ ಮಾರ್ಟಿನ್‌ನ ಪಕ್ಕದಲ್ಲಿ ಬೆಳಗಿನ ತನಕ ಮಲಗಿರುತ್ತಿದ್ದ.

ಇಪ್ಪತ್ತಾರು ಚಳಿಗಾಲ ನಾನು ಹೊರಟವರನ್ನೆಲ್ಲ ಕೇಳಿದೆ, ಅವರು ಹೇಳಿದ್ದನ್ನು ದುಂಡಗಿನ ಅಕ್ಷರದಲ್ಲಿ ಬರೆದೆ, ಇಳಿದು ಬಂದ ಮೇಲೆ ಹಸಿರು ಗುರುತು ಹಾಕಿದೆ. ನನ್ನ ಪಟ್ಟಿಯವರೆಲ್ಲ ದೇವರ ದಯದಿಂದ ವಾಪಸ್ಸು ಬಂದರು. ಅವರು ಹೋಗಿದ್ದದ್ದು ನಾನು ಬರೆದುಕೊಂಡ ಬೆಟ್ಟಕ್ಕೇ ಎಂದು ಈಗ ನಾನು ಹೇಳಲಾರೆ.